ಬುಟ್ಟಿ ಹುಡುಗಿ ಮತ್ತು ಮಲಗಿದ ಹುಳು

ಸುಗಟೂರಿನ ಗಂಗಾಲಕ್ಷ್ಮಿ ಮಲಗಿದವರನ್ನು ಎಬ್ಬಿಸುವುದಿಲ್ಲ. ನಮ್ಮ ಬೀದಿಯವರಿಗೆಲ್ಲ ಇದು ಗೊತ್ತು. ಒಮ್ಮೆ ಅವಳ ಗಂಡ ಶ್ರೀನಿವಾಸಪ್ಪನ ಚಿಕ್ಕಪ್ಪ ಮುಳಬಾಗಿಲಿನಿಂದ ಬಂದಿದ್ದರು. ಮಧ್ಯಾಹ್ನದ ಬಸ್ಸಿಗೆ ಹೊರಡಬೇಕಾಗಿದ್ದವರು ಮುದ್ದೆ ಉಂಡು ಜಗಲಿಯ ಮೇಲೆ ಹಾಗೇ ಅಡ್ಡಾದರು. ಬಸ್ಸು ಬಂತು, ಎರಡು ಸಲ ಹಾರನ್ ಹೊಡೆಯಿತು, ಹೋಯಿತು. ಗಂಗಾ ಅವರ ಪಕ್ಕದಲ್ಲೇ ಕೂತು ಅವರೆಕಾಯಿ ಬಿಡಿಸುತ್ತಿದ್ದಳು. ಎದ್ದ ಮೇಲೆ ಅವರು ಚೆನ್ನಾಗಿ ರೇಗಿದರು.

"ಕಣ್ಣು ಮುಚ್ಚಿದ್ರಲ್ಲ ಮಾವ, ಹೆಂಗೆ ಎಬ್ಬಿಸ್ಲಿ?" ಎಂದಳು ಗಂಗಾ.

"ನಾನೇನು ರೇಷ್ಮೆ ಹುಳಾನಾ ಅಮ್ಮ?" ಎಂದರು ಅವರು.

ಕೋಪದಲ್ಲಿ ಅಂದ ಮಾತಾದರೂ ಸರಿಯಾದ ಜಾಗಕ್ಕೇ ಬಿದ್ದಿತ್ತು. ಗಂಗಾ ಹುಟ್ಟಿದ್ದು ವಕ್ಕಲೇರಿಯಲ್ಲಿ, ರೇಷ್ಮೆ ಹುಳು ಸಾಕುವವರ ಮನೆಯಲ್ಲಿ. ಮದುವೆಯಾಗಿ ಬಂದದ್ದೂ ಹುಳು ಸಾಕುವವರ ಮನೆಗೇ. ಹುಳು ಮೊಟ್ಟೆಯಿಂದ ಹೊರಬಂದು ಗೂಡು ಕಟ್ಟುವುದರೊಳಗೆ ನಾಲ್ಕು ಸಲ ತಿನ್ನುವುದನ್ನು ಬಿಟ್ಟು, ತಲೆಯೆತ್ತಿ, ಅಲ್ಲಾಡದೆ ನಿಂತುಬಿಡುತ್ತದೆ. ಹಳೆಯ ಚರ್ಮ ಕಳಚಿ ಹೊಸದು ಬರುವ ಹೊತ್ತು ಅದು. ನಮ್ಮ ಕಡೆ ಅದಕ್ಕೆ ಜ್ವರ ಎನ್ನುತ್ತಾರೆ. ಜ್ವರದಲ್ಲಿರುವ ಹುಳುವನ್ನು ಮುಟ್ಟಬಾರದು, ತಟ್ಟೆ ಅಲ್ಲಾಡಿಸಬಾರದು, ಎಲ್ಲಕ್ಕಿಂತ ಮುಖ್ಯವಾಗಿ ಸೊಪ್ಪು ಹಾಕಬಾರದು. ಹಾಕಿದರೆ ಮೊದಲು ಎದ್ದದ್ದು ತಿಂದು ಮುಂದೆ ಹೋಗುತ್ತದೆ, ಇನ್ನೂ ಏಳದ್ದು ಹಿಂದೆ ಉಳಿಯುತ್ತದೆ, ಬೆಳೆಯೆಲ್ಲ ಏರುಪೇರಾಗಿ ಕೆಡುತ್ತದೆ. ಒಂದು ಹಗಲು ಒಂದು ರಾತ್ರಿ ಕೈಕಟ್ಟಿ ಕೂತು, ಎಲ್ಲವೂ ಎದ್ದ ಮೇಲೆಯೇ ಸೊಪ್ಪು. ಗಂಗಾ ಮಾತು ಕಲಿಯುವ ಮೊದಲೇ ಈ ಕಟ್ಟಳೆಯನ್ನು ಕಲಿತವಳು.

ಹುಳು ಸಾಕುವ ಮನೆಯ ಮಕ್ಕಳಿಗೆ ಭಾನುವಾರ ರಜೆಯಲ್ಲ, ಏಕೆಂದರೆ ಹುಳುವಿಗೆ ಭಾನುವಾರ ಗೊತ್ತಿಲ್ಲ. ಶಾಲೆಗೆ ಮುಂಚೆ ಸೊಪ್ಪು ಕೊಯ್ಯಬೇಕು, ಬಂದ ಮೇಲೆ ಹೆಚ್ಚಬೇಕು, ಹಿಕ್ಕೆ ತೆಗೆಯಬೇಕು. ಹುಳು ಜ್ವರಕ್ಕೆ ಕೂತ ದಿನ ಮಾತ್ರ ಮನೆ ತಣ್ಣಗಾಗುತ್ತದೆ. ಆ ದಿನವೇ ಗಂಗಾಳಿಗೂ ಅವಳ ತಮ್ಮ ಉಮಾಶಂಕರನಿಗೂ ಆಟ.

ಅವಳು ಎಸ್ಸೆಸ್ಸೆಲ್ಸಿ ಮುಗಿಸಿ ಮನೆಯಲ್ಲಿ ಉಳಿದ ವರ್ಷ, ತಂದೆ ಚನ್ನರಾಯಪ್ಪನವರು ಕೋಲಾರದ ಮಾರುಕಟ್ಟೆಗೆ ಗೂಡು ಹಾಕಿ ಬರುವಾಗ ಟಿವಿಗೆ ಸಿಕ್ಕಿಸಿ ಆಡುವ ವಿಡಿಯೊ ಗೇಮ್ ಒಂದನ್ನು ತಂದರು. ಕಪ್ಪು ಡಬ್ಬಿ, ಒತ್ತಿ ಆಡಲು ಗುಂಡಿಗಳಿರುವ ಎರಡು ಕೈಹಿಡಿ, ಒಂದು ಹಳದಿ ಕ್ಯಾಸೆಟ್. ತಂದದ್ದು ಮಗನಿಗೆ. ಕ್ಯಾಸೆಟ್‌ನಲ್ಲಿ ಬಗೆಬಗೆಯ ಆಟಗಳಿದ್ದವು. ಕಾರು ಓಡಿಸುವುದು, ಗುಂಡು ಹಾರಿಸುವುದು, ಗೋಡೆ ಹಾರುವುದು. ಬೀದಿಯ ಹುಡುಗರೆಲ್ಲ ಬಂದು ಅವನ್ನೇ ಆಡುತ್ತಿದ್ದರು. ಕೊನೆಯಲ್ಲಿ ಇನ್ನೊಂದಿತ್ತು, ಅದನ್ನು ಯಾರೂ ಎರಡನೇ ಸಲ ಮುಟ್ಟಲಿಲ್ಲ. ಅದರಲ್ಲಿ ಗುಂಡಿಲ್ಲ, ಓಟವಿಲ್ಲ. ಹಳದಿ ಲಂಗದ ಪುಟ್ಟ ಹುಡುಗಿಯೊಬ್ಬಳು ಬೆನ್ನಿಗೆ ಬುಟ್ಟಿ ಹಾಕಿಕೊಂಡು ಗುಡ್ಡ ಹತ್ತಿ ಇಳಿಯುತ್ತಾ ಸೊಪ್ಪು ಕೀಳುತ್ತಾಳೆ. ಹಕ್ಕಿಗಳು ಬುಟ್ಟಿಯಿಂದ ಸೊಪ್ಪು ಕದಿಯುತ್ತವೆ. ದಾರಿಯಲ್ಲಿ ಒಬ್ಬ ಮುದುಕ ಸಿಕ್ಕಿ ಏನೋ ಹೇಳುತ್ತಾನೆ, ಅದು ಯಾವ ದೇಶದ ಅಕ್ಷರವೋ ಯಾರಿಗೂ ಓದಲು ಬರುವುದಿಲ್ಲ. ಕೊನೆಗೆ ಒಂದು ಗುಹೆ. ಗುಹೆಯ ತುಂಬ ಒಂದು ದೊಡ್ಡ ಬಿಳಿ ಹುಳು ತಲೆಯೆತ್ತಿಕೊಂಡು ಮಲಗಿದೆ. ದಾಟಲು ಜಾಗವಿಲ್ಲ.

ಹುಡುಗರು ಇದಕ್ಕೆ ಮುದುಕಿಯರ ಆಟ ಎಂದು ಹೆಸರಿಟ್ಟರು. ಗಂಗಾ ಬುಟ್ಟಿ ಆಟ ಎಂದಳು. ಅವಳಿಗೆ ಅದೇ ಬೇಕಿತ್ತು.

ಹುಳುವನ್ನು ಮೊದಲ ಸಲ ನೋಡಿದಾಗ ಅಕ್ಕ ತಮ್ಮ ಇಬ್ಬರೂ ಉಸಿರು ಬಿಗಿಹಿಡಿದರಂತೆ. ತಲೆ ಎತ್ತಿದೆ, ಮೈ ಹೊಳೆಯುತ್ತಿದೆ, ಅಲ್ಲಾಡುತ್ತಿಲ್ಲ. ಇನ್ನೇನು ಸಂದೇಹ? ಜ್ವರ. ಶಂಕರ ಹುಡುಗಬುದ್ಧಿಯಿಂದ, "ಬುಟ್ಟೀಲಿ ಸೊಪ್ಪೈತಲ್ಲಕ್ಕ, ಒಂದಿಷ್ಟು ಹಾಕೋಣ್ವಾ?" ಎಂದನಂತೆ. ಒಲೆಯ ಮುಂದಿದ್ದ ತಾಯಿ ಶಾಮಲಮ್ಮ ಅಲ್ಲಿಂದಲೇ ಕೂಗಿದರಂತೆ: "ಜ್ವರದಲ್ಲಿರೋದಕ್ಕೆ ಸೊಪ್ಪಾ? ಯಾರ ಮನೇಲಿ ಹುಟ್ಟಿದ್ದೀಯೋ ನೀನು! ಏಳೋವರ್ಗೂ ಕಾಯಿ."

ಕಾದರು. ಆಟವನ್ನು ಅಲ್ಲಿಗೇ ಬಿಟ್ಟು, ಹುಡುಗಿಯನ್ನು ಗುಹೆಯ ಬಾಗಿಲಲ್ಲಿ ನಿಲ್ಲಿಸಿ, ಇಬ್ಬರೂ ಟಿವಿ ಮುಂದೆ ಕೂತರು. ಆದರೆ ಆಗಿನ ಕಾಲದ ಹಳ್ಳಿಯ ಕರೆಂಟು ಒಂದು ಹಗಲು ಒಂದು ರಾತ್ರಿ ಹೋಗದೆ ಇದ್ದ ಉದಾಹರಣೆಯಿಲ್ಲ. ಹೋಯಿತೆಂದರೆ ಡಬ್ಬಿಯ ನೆನಪೆಲ್ಲ ಹೋಗುತ್ತದೆ, ಹುಡುಗಿ ಮತ್ತೆ ಖಾಲಿ ಬುಟ್ಟಿಯೊಂದಿಗೆ ಮೊದಲನೇ ಗುಡ್ಡದ ಕೆಳಗೆ. ಪ್ರತಿ ಜ್ವರಕ್ಕೂ ಗಂಗಾ ಅವಳನ್ನು ಗುಹೆಯವರೆಗೆ ತಂದು ನಿಲ್ಲಿಸುತ್ತಿದ್ದಳು, ಪ್ರತಿ ಸಲವೂ ಕರೆಂಟು ಹೋಗುತ್ತಿತ್ತು. ಹೊಲದಿಂದ ಬಂದ ಚನ್ನರಾಯಪ್ಪನವರು ಕಾಲು ತೊಳೆಯುತ್ತಲೇ, "ದಾಟಿದಳೇನಮ್ಮ ನಿನ್ನ ಹುಡುಗಿ?" ಎಂದು ಕೇಳುವರು. "ಇಲ್ಲಪ್ಪ, ಕರೆಂಟ್ ಹೋಯ್ತು" ಎನ್ನುವಳು ಇವಳು.

ಮದುವೆಯಾಯಿತು. ಸುಗಟೂರಿಗೆ ಬಂದಳು. ಮಗಳು ಚಂದನ ಹುಟ್ಟಿದಳು. ತಂದೆ ತೀರಿಕೊಂಡರು. ಹುಳು, ಸೊಪ್ಪು, ಹಸು, ಟೊಮೆಟೊ, ಮತ್ತೆ ಹುಳು. ಸೊಪ್ಪಿನ ತೋಟದಲ್ಲಿ ನಾವಿಬ್ಬರೂ ಸಾಲು ಹಿಡಿದು ಕೊಯ್ಯುವಾಗ ಅವಳು ಎಷ್ಟೋ ಸಲ ಈ ಕಥೆ ಹೇಳಿದ್ದಾಳೆ. ನಾನು ದೇವರ ನಾಮ ಗುನುಗುವುದನ್ನು ನಿಲ್ಲಿಸಿ ಕೇಳುತ್ತಿದ್ದೆ. ಬೇರೆ ಯಾವುದರ ಬಗ್ಗೆಯೂ ಅವಳು, ಇದು ಆಗಲಿಲ್ಲ ಅದು ಆಗಲಿಲ್ಲ ಎಂದು ಕೊರಗಿದವಳಲ್ಲ. ಇದೊಂದನ್ನು ಮಾತ್ರ, ಕಾಲಿಗೆ ಚುಚ್ಚಿ ಒಳಗೇ ಉಳಿದ ಮುಳ್ಳಿನಂತೆ ಆಗಾಗ ಮುಟ್ಟಿ ನೋಡಿಕೊಳ್ಳುತ್ತಿದ್ದಳು. "ಒಂದ್ಸಲ, ಒಂದೇ ಸಲ ಆ ಹುಳು ಎದ್ದು, ಆ ಹುಡುಗಿ ಆಚೆ ಹೋಗೋದು ನೋಡ್ಬೇಕು ಭಾರತಕ್ಕ. ಆಚೆ ಏನೈತೋ."

ಈ ವರ್ಷ ಯುಗಾದಿಗೆ ಮುಂಚೆ ವಕ್ಕಲೇರಿಯ ಮನೆಗೆ ಸುಣ್ಣ ಹೊಡೆಸುವಾಗ ಅಟ್ಟದ ಮೇಲೆ, ಹುಳು ಗೂಡು ಕಟ್ಟುವ ಹಳೆಯ ಬಿದಿರು ಚಂದ್ರಿಕೆಗಳ ಹಿಂದೆ ಕಪ್ಪು ಡಬ್ಬಿ ಸಿಕ್ಕಿತು. ಉಮಾಶಂಕರ ಈಗ ಮಾಲೂರಿನ ಕಾರ್ಖಾನೆಯೊಂದರಲ್ಲಿ ಕೆಲಸಕ್ಕಿದ್ದಾನೆ, ದಿನಾ ಊರಿನಿಂದಲೇ ಹೋಗಿ ಬರುತ್ತಾನೆ. ಅವನ ಹೆಂಡತಿ ಅನಿತ ಮಾಲೂರು ಪೇಟೆಯಲ್ಲೇ ಬೆಳೆದವಳು. ಅವರು ಶಾಮಲಮ್ಮನವರೊಂದಿಗೆ ವಕ್ಕಲೇರಿಯ ಮನೆಯಲ್ಲೇ ಇದ್ದಾರೆ. ಶಂಕರ ಅಕ್ಕನಿಗೆ ಫೋನ್ ಮಾಡಿ, "ನಿನ್ನ ಬುಟ್ಟಿ ಹುಡುಗಿ ಸಿಕ್ಕಿದಾಳೆ ಕಣೇ" ಎಂದ.

ಹಾಸ್ಟೆಲಿನಲ್ಲಿದ್ದು ಓದುವ ಚಂದನ ತನ್ನ ಫೋನಿನಲ್ಲಿ ಈ ಆಟವನ್ನು ಹುಡುಕಿದಳು. ಹೆಸರೇ ಗೊತ್ತಿಲ್ಲದ ಆಟವನ್ನು ಏನೆಂದು ಹುಡುಕುವುದು? ಕಾರಿನದ್ದು, ಗುಂಡಿನದ್ದು ಎಲ್ಲ ಸಿಕ್ಕಿದವು, ಬುಟ್ಟಿಯದ್ದು ಸಿಗಲಿಲ್ಲ. ಲೋಕವೂ ವಕ್ಕಲೇರಿಯ ಹುಡುಗರಂತೆ ಅದನ್ನು ಮರೆತುಬಿಟ್ಟಿತ್ತು. ಶಂಕರ ತಂದುಕೊಟ್ಟ ಡಬ್ಬಿಯ ತಂತಿಯನ್ನು ಸುಗಟೂರಿನ ಮನೆಯ ಹೊಸ ಟಿವಿಗೆ ಸಿಕ್ಕಿಸಿದರೆ ನೀಲಿ ಪರದೆ ಬಿಟ್ಟು ಇನ್ನೇನೂ ಬರಲಿಲ್ಲ. ಕಡೆಗೆ ಶ್ರೀನಿವಾಸಪ್ಪ ದನದ ಕೊಟ್ಟಿಗೆಯ ಪಕ್ಕದ ಕೋಣೆಯಲ್ಲಿ ಬಿದ್ದಿದ್ದ ಹಳೆಯ ಗೂನುಬೆನ್ನಿನ ಟಿವಿಯನ್ನು ಹೊತ್ತು ತಂದ. ಊರಲ್ಲಿ ಉಳಿದಿದ್ದುದು ಅದೊಂದೇ. ಮಿಕ್ಕವೆಲ್ಲ ಗುಜರಿಗೆ ಹೋಗಿದ್ದವು.

ಟಿವಿ ರಿಪೇರಿಯ ನಂದೀಶ ಕೋಲಾರದಿಂದ ಬಂದು ಹಿಂಭಾಗ ಬಿಚ್ಚಿ, ಧೂಳು ಊದಿ, ಏನೇನೋ ಬೆಸೆದು, ಹೇಗೋ ಬೆಳಕು ಬರಿಸಿದ. ಆಮೇಲೆ ತಲೆ ಕೆರೆದುಕೊಂಡ.

"ಟ್ಯೂಬ್‌ಗೆ ವಯಸ್ಸಾಗೋಗೈತೆ ಅಕ್ಕ. ಇನ್ನೊಂದು ಹಾಕೋಣ ಅಂದ್ರೆ ಎಲ್ಲೂ ಸಿಗಲ್ಲ. ಒಂದ್ಸಲ ಹತ್ತಿ ಬೆಚ್ಚಗಾದ್ರೆ ಎರಡು ದಿನ ಬೇಕಾದ್ರೂ ಉರಿಯುತ್ತೆ. ಆದ್ರೆ ಆರಿಸಿದ್ರೆ ಮತ್ತೆ ಹತ್ತತ್ತೆ ಅಂತ ನಾನು ಹೇಳಲ್ಲ."

"ಹಂಗಾದ್ರೆ ಇನ್ನೊಂದು ಸಲಕ್ಕೆ ಬರುತ್ತಾ?"

"ಒಂದು ಸಲಕ್ಕೆ ಬಂದ್ರೆ ನಿಮ್ಮ ಪುಣ್ಯ" ಎಂದ ನಂದೀಶ.

ಗಂಗಾ ಟಿವಿಯ ಮೇಲೆ ಹಳೆಯ ಸೀರೆ ಹೊದಿಸಿ ಇಟ್ಟಳು. ಸಾಕಿದ್ದ ಹುಳು ಆಗ ಮೂರನೇ ಜ್ವರ ದಾಟಿತ್ತು. ನಾಲ್ಕನೆಯದು ಕೂತ ದಿನ, ತಾಯಿ ತಮ್ಮ ಅನಿತ ಮೂವರನ್ನೂ ಕರೆಸಿದಳು. ನನಗೂ ಹೇಳಿ ಕಳಿಸಿದಳು. ಇಷ್ಟು ವರ್ಷ ಕೇಳಿದ ಕಥೆ, ನೋಡದಿರುವುದು ಹೇಗೆ?

ನಾನು ದೇವರಿಗೆ ದೀಪ ಹಚ್ಚಿ ಹೋಗುವಷ್ಟರಲ್ಲಿ ಹುಳು ಮನೆಯ ಕೆಲಸ ಮುಗಿದಿತ್ತು. ಹುಳುಗಳೆಲ್ಲ ತಲೆಯೆತ್ತಿ ನಿಂತಿದ್ದವು. ಶ್ರೀನಿವಾಸಪ್ಪ ಹಾಸು ಒಣಗಿರಲೆಂದು ಅವುಗಳ ಮೇಲೆ ತೆಳ್ಳಗೆ ಸುಣ್ಣ ಚೆಲ್ಲಿ ಕಿಟಕಿಗಳನ್ನು ತೆರೆದಿಟ್ಟಿದ್ದ. ನಡುಮನೆಯಲ್ಲಿ ಶಾಮಲಮ್ಮ ಗೋಡೆಗೊರಗಿ ಕಾಲು ಚಾಚಿ ಕೂತಿದ್ದರು. ಟಿವಿ ಹಾಕುವ ಮುಂಚೆ ಅವರು ಕೈಮುಗಿದು, "ಕುರುಡುಮಲೆ ಗಣಪಾ, ಆ ಮಗು ಆಚೆ ಹೋಗ್ಲಪ್ಪ, ಗರಿಕೆ ತಂದು ಏರಿಸ್ತೀನಿ" ಎಂದರು.

ಅನಿತ ನಕ್ಕುಬಿಟ್ಟಳು. "ವಿಡಿಯೊ ಗೇಮ್‌ಗೂ ಹರಕೆನಾ ಅತ್ತೆ?"

"ಅಡ್ಡಿ ತೆಗೆಯೋದು ಅವನ ಕೆಲಸ ಕಣಮ್ಮ. ಯಾವ ಅಡ್ಡಿ, ಎಲ್ಲಿಂದ ಬಂತು ಅಂತ ಅವನು ಕೇಳಲ್ಲ" ಎಂದರು ಶಾಮಲಮ್ಮ. ನನಗೆ ಆ ಮಾತು ಬಹಳ ಹಿಡಿಸಿತು.

ಟಿವಿ ಹತ್ತಿತು. ಮೊದಲು ಬೂದಿಬಣ್ಣ, ಆಮೇಲೆ ನಿಧಾನವಾಗಿ ಹಸಿರು ಗುಡ್ಡ, ಗುಡ್ಡದ ಕೆಳಗೆ ಹಳದಿ ಲಂಗದ ಹುಡುಗಿ. ನನ್ನ ಹೆಬ್ಬೆರಳಿನ ಗಾತ್ರ ಇದ್ದಳು. ಗಂಗಾಳ ಮುಖ ನೋಡಿದೆ. ತವರಿನ ಬಾಗಿಲಲ್ಲಿ ನಿಂತವಳ ಮುಖವಿತ್ತು.

"ಕೈ ಮರೆತಿಲ್ಲ ನೋಡೋ ಶಂಕರ" ಎಂದಳು. ಸೊಪ್ಪು ಹೆಚ್ಚಿ ಗಟ್ಟಿಯಾದ ಹೆಬ್ಬೆರಳು ಗುಂಡಿಗಳ ಮೇಲೆ ಸಲೀಸಾಗಿ ಓಡುತ್ತಿತ್ತು. ಎಲ್ಲಿ ಹಕ್ಕಿ ಬರುತ್ತದೆ, ಎಲ್ಲಿ ಬಗ್ಗಬೇಕು, ಯಾವ ಗಿಡದಲ್ಲಿ ಎರಡು ಹಿಡಿ ಸೊಪ್ಪಿದೆ ಎಲ್ಲ ಅವಳಿಗೆ ನೆನಪಿತ್ತು. ಮುದುಕ ಬಂದು ಅಕ್ಷರ ಉದುರಿಸಿದಾಗ ಅಕ್ಕ ತಮ್ಮ ಇಬ್ಬರೂ ಒಟ್ಟಿಗೆ, "ಹೂಂ ತಾತ, ಆಯ್ತು ತಾತ" ಎಂದರು. ಚಿಕ್ಕಂದಿನಲ್ಲಿ ಹಾಗೇ ಅನ್ನುತ್ತಿದ್ದರಂತೆ.

ಗುಹೆ ಬಂತು. ಹುಳು ಅಲ್ಲೇ ಇತ್ತು. ಇಷ್ಟು ವರ್ಷವೂ ತಲೆಯೆತ್ತಿಕೊಂಡೇ.

ಅನಿತ ಮುಂದೆ ಬಗ್ಗಿ ನೋಡಿದಳು. "ಇದೇನಾ? ಬುಟ್ಟಿ ತುಂಬ ಸೊಪ್ಪಿದೆಯಲ್ಲಕ್ಕ, ಹಾಕಿದ್ರೆ ಆಯ್ತಪ್ಪ."

ಮನೆಯಲ್ಲಿದ್ದವರೆಲ್ಲ ಒಂದೇ ಸಲ ಅವಳ ಮೇಲೆ ಬಿದ್ದರು.

"ಜ್ವರದಲ್ಲೈತೆ ಕಣೇ!" ಎಂದ ಶಂಕರ.

"ಪೇಟೆಯವಳು, ಪಾಪ" ಎಂದ ಶ್ರೀನಿವಾಸಪ್ಪ ಬಾಗಿಲಿನಿಂದ.

"ಅಯ್ಯೋ ದೇವುಡಾ! ಇಷ್ಟು ವರ್ಷ ನಮ್ಮನೇಲಿ ಸೊಪ್ಪು ಹಾಕಿದ್ದೀಯ, ಇದು ಕಲೀಲಿಲ್ವಾ?" ಎಂದರು ಶಾಮಲಮ್ಮ.

"ಅದು ಟಿವಿ ಹುಳು ಅತ್ತೆ!"

"ಯಾವ ಹುಳು ಆದ್ರೇನು? ತಲೆ ನೋಡು, ಮೈ ನೋಡು."

ಅನಿತ ಬಾಯಿ ಮುಚ್ಚಿಕೊಂಡು ನನ್ನ ಕಡೆ ನೋಡಿದಳು. ನಾನೂ ಹುಳು ಸಾಕಿದವಳೇ. ನನಗೂ ಅದು ಜ್ವರವೆಂದೇ ಕಂಡಿತು.

ಗಂಗಾ ಕೈಹಿಡಿಯನ್ನು ನೆಲದ ಮೇಲೆ ಮೆತ್ತಗೆ ಇಟ್ಟಳು. ನಾಳೆ ಬೆಳಿಗ್ಗೆ ಈ ಹೊತ್ತಿಗೆ ಒಂದು ಜ್ವರದ ಕಾಲ ತುಂಬುತ್ತದೆ. ಈಗ ಕರೆಂಟು ಮೊದಲಿನಂತಲ್ಲ, ಹೋದರೂ ಯುಪಿಎಸ್ ಇದೆ. ಕಾಯುವುದೊಂದೇ ಕೆಲಸ. ಎಲ್ಲರೂ ಮೆಲ್ಲಗೆ ಮಾತಾಡುತ್ತಾ ತಿಂಡಿ ತಿಂದರು. ಮೆಲ್ಲಗೆ ಮಾತಾಡಿದ್ದು ಹುಳು ಮನೆಯ ಹುಳುವಿಗೋ ಟಿವಿಯ ಹುಳುವಿಗೋ, ಕೇಳಿದ್ದರೆ ಯಾರಿಗೂ ಹೇಳಲು ಬರುತ್ತಿರಲಿಲ್ಲ.

ಬಿಸಿಲು ಏರುವ ಹೊತ್ತಿಗೆ ಕರೆಂಟು ಹೋಯಿತು. ಯುಪಿಎಸ್ ಗುಂಯ್ ಎಂದು ಹಿಡಿದುಕೊಂಡಿತು. ಹೊರಗೆ ಹೋಗಿ ಬಂದ ಶ್ರೀನಿವಾಸಪ್ಪ ಬಾಗಿಲಲ್ಲೇ ನಿಂತು, "ಕಂಬ ಬದಲಾಯಿಸ್ತಾವ್ರಂತೆ. ಸಾಯಂಕಾಲ ದೀಪ ಹಚ್ಚೋವರ್ಗೂ ಬರಲ್ವಂತೆ" ಎಂದ.

ಶಂಕರ ಎದ್ದು ಫ್ಯಾನು ಆರಿಸಿದ, ಫ್ರಿಜ್ಜಿನ ತಂತಿ ಕಿತ್ತ, ದೇವರ ಗೂಡಿನ ಪುಟ್ಟ ಬಲ್ಬನ್ನೂ ಆರಿಸಿದ. ಅದಕ್ಕೆ ಬದಲು ನಾನು ಎಣ್ಣೆ ದೀಪ ಹಚ್ಚಿದೆ. ಆದರೂ ಹಳೆಯ ಟಿವಿ ಕರೆಂಟು ಕುಡಿಯುವುದು ಹಸು ಕಲಗಚ್ಚು ಕುಡಿದ ಹಾಗೆ. ಊಟದ ಹೊತ್ತಿಗೆ ಯುಪಿಎಸ್ ಕೀಂ ಕೀಂ ಎಂದು ಕೂಗತೊಡಗಿತು.

"ಇನ್ನರ್ಧ ಗಂಟೆನೂ ಬರಲ್ಲಕ್ಕ" ಎಂದ ಶಂಕರ. "ಒಂದು ದಾರಿ ಐತೆ. ಡಬ್ಬಿಗೆ ಬೇಕಾಗಿರೋದು ಚೂರೇ ಚೂರು ಕರೆಂಟು. ಅದು ಉರೀತಿರ್ಲಿ. ಟಿವಿ ಆರಿಸಿಬಿಡೋಣ. ನಮಗೆ ಕಾಣಲ್ಲ ಅಷ್ಟೆ, ಹುಡುಗಿ ಅಲ್ಲೇ ನಿಂತಿರ್ತಾಳೆ."

"ಟಿವಿ ಆರಿಸಿದ್ರೆ ಮತ್ತೆ ಹತ್ತದೆ ಹೋದ್ರೆ?"

ಆರಿಸದಿದ್ದರೆ ಡಬ್ಬಿಯೂ ನಿಂತುಹೋಗಿ, ಇಷ್ಟು ಹೊತ್ತು ಕಾದದ್ದೆಲ್ಲ ನೀರುಪಾಲು. ಆರಿಸಿದರೆ ಬಹುಶಃ ಆ ಹುಡುಗಿಯನ್ನು ನೋಡುವುದು ಇದೇ ಕೊನೆ. ಅನಿತ ಮೆಲ್ಲಗೆ, "ಈಗ್ಲೇ ಸೊಪ್ಪು ಹಾಕಿ ನೋಡ್ಬಿಡ್ಬಹುದಿತ್ತು" ಎಂದಳು. ಶಾಮಲಮ್ಮ ಅವಳನ್ನು ಒಂದು ಸಲ ನೋಡಿದರು, ಅಷ್ಟೇ.

ಗಂಗಾ ಪರದೆಯ ಮುಂದೆ ಕುಕ್ಕರಗಾಲಲ್ಲಿ ಕೂತು ಹುಳುವನ್ನು ಬಹಳ ಹೊತ್ತು ನೋಡಿದಳು. ಆಮೇಲೆ, "ಕಾಣದಿದ್ರೂ ಇರುತ್ತೆ ಅಲ್ವಾ ಭಾರತಕ್ಕ?" ಎಂದು ನನ್ನನ್ನು ಕೇಳಿದಳು.

"ಇರುತ್ತಮ್ಮ" ಎಂದೆ. ನನಗೆ ಕ್ಯಾಸೆಟ್ಟಿನ ವಿಷಯ ತಿಳಿಯದು. ಆದರೂ ಬಾಯಿಗೆ ಅದೇ ಬಂತು.

ಅವಳು ಕೈಯಾರೆ ಟಿವಿ ಆರಿಸಿದಳು. ಚಿತ್ರ ಕುಗ್ಗಿ ನಡುವಿನಲ್ಲಿ ಒಂದು ಚುಕ್ಕೆಯಾಗಿ, ಅದೂ ಹೋಯಿತು. ಡಬ್ಬಿಯ ಮೇಲಿನ ಕೆಂಪು ದೀಪ ಮಾತ್ರ ಉಳಿಯಿತು. ಯುಪಿಎಸ್ ಕೂಗು ನಿಲ್ಲಿಸಿತು. ಸಂಜೆ ಕರೆಂಟು ಬಂದಾಗಲೂ ಅವಳು ಟಿವಿ ಹಾಕಲು ಬಿಡಲಿಲ್ಲ. ಹಾಕಿದರೆ ಒಂದೇ ಸಲ, ಹೊತ್ತು ತುಂಬಿದ ಮೇಲೆಯೇ.

ಮರುದಿನ ಬೆಳಿಗ್ಗೆ ನಾನು ಪೂಜೆ ಮುಗಿಸಿ ಹೋದಾಗ ಹುಳು ಮನೆಯಲ್ಲಿ ಎಲ್ಲರೂ ನಿಂತಿದ್ದರು. ಹುಳುಗಳು ಎದ್ದಿದ್ದವು. ಹೊಸ ಚರ್ಮದಲ್ಲಿ, ಹಸಿದ ಬಾಯಿಗಳನ್ನು ಎತ್ತಿ ಆಚೀಚೆ ಹುಡುಕುತ್ತಿದ್ದವು. ಗಂಗಾ ರೆಂಬೆ ಸಮೇತ ಸೊಪ್ಪು ಹಾಸಿದಳು. ಸ್ವಲ್ಪ ಹೊತ್ತಿಗೆಲ್ಲ ಆ ಸದ್ದು ಶುರುವಾಯಿತು, ಹೆಂಚಿನ ಮೇಲೆ ಸಣ್ಣ ಮಳೆ ಬಿದ್ದ ಹಾಗೆ. ಬೆಳೆ ಒಂದೇ ಸಮನಾಗಿ ಎದ್ದಿದೆ ಎಂದು ಶ್ರೀನಿವಾಸಪ್ಪನ ಮುಖ ಅರಳಿತು.

ಕೈ ತೊಳೆದು ನಡುಮನೆಗೆ ಬಂದರು. ಕೆಂಪು ದೀಪ ಉರಿಯುತ್ತಲೇ ಇತ್ತು. ಗಂಗಾ ಟಿವಿಯ ಗುಂಡಿ ಒತ್ತಿದಳು.

ಏನೂ ಬರಲಿಲ್ಲ. ಕಪ್ಪು. ಶಂಕರ ಬದಿಗೆ ಒಂದು ಏಟು ಹಾಕಲು ಕೈಯೆತ್ತಿದ. "ಹೊಡೀಬೇಡ್ವೋ, ಬೆಚ್ಚಗಾಗ್ಲಿ" ಎಂದಳು ಗಂಗಾ. ಎಲ್ಲರೂ ಕಪ್ಪು ಗಾಜಿನಲ್ಲಿ ನಮ್ಮ ನಮ್ಮ ಮುಖಗಳನ್ನೇ ನೋಡುತ್ತಾ ಕೂತೆವು. ಶಾಮಲಮ್ಮನ ತುಟಿ ಅಲ್ಲಾಡುತ್ತಿತ್ತು. ನಾನೂ ಮನಸ್ಸಿನಲ್ಲೇ ಜಪ ಹಿಡಿದೆ. ಇಂಥದಕ್ಕೆಲ್ಲ ಜಪ ಮಾಡಬಹುದೋ ಬಾರದೋ, ಆಗ ಅನ್ನಿಸಲಿಲ್ಲ. ಬಹಳ ಹೊತ್ತಿನ ಮೇಲೆ ಗಾಜಿನೊಳಗೆ ಬೂದಿಬಣ್ಣ ಕದಡಿತು. ಆಮೇಲೆ ಗುಹೆ. ಗುಹೆಯ ಬಾಗಿಲಲ್ಲಿ ಹಳದಿ ಲಂಗ.

"ಐತೆ! ಐತೆ ಕಣೇ ಅಕ್ಕಾ!" ಶಂಕರ ತೊಡೆ ತಟ್ಟಿದ.

ಹುಳು ಎದ್ದಿರಲಿಲ್ಲ. ನಿನ್ನೆ ಹೇಗಿತ್ತೋ ಹಾಗೇ ತಲೆಯೆತ್ತಿ ನಿಂತಿತ್ತು.

ಗಂಗಾಳ ಭುಜ ಇಳಿಯಿತು. ಪರದೆಯ ಅಂಚಿನಲ್ಲಿ ಬಣ್ಣ ಆಗಲೇ ನೇರಳೆಗೆ ತಿರುಗುತ್ತಿತ್ತು. ಟ್ಯೂಬು ಎಷ್ಟು ಹೊತ್ತು ಇರುತ್ತದೋ. ಶಂಕರ ಅಕ್ಕನ ಮುಖ ನೋಡಲಾರದೆ, "ಕ್ಯಾಸೆಟ್ಟೇ ಕೆಟ್ಟಿರ್ಬೇಕು ಬಿಡೇ. ಮೊದ್ಲಿಂದ್ಲೂ ಹಂಗೇ ಇತ್ತೋ ಏನೋ" ಎಂದ.

"ಪೋನೀಲೇ" ಎಂದು ಶಾಮಲಮ್ಮ ತೆಲುಗಿನಲ್ಲಿ, ಹೋಗಲಿ ಬಿಡು ಎಂಬಂತೆ, ಮಗನ ಮಾತನ್ನು ಪಕ್ಕಕ್ಕೆ ಸರಿಸಿ, ಗೋಡೆ ಹಿಡಿದು ಎದ್ದು, ಟಿವಿಯ ಹತ್ತಿರ ಬಂದು ಬಗ್ಗಿದರು. "ಒಂದು ಹಗಲು ಒಂದು ರಾತ್ರಿ ಆಯ್ತಲ್ಲ?"

"ಆಯ್ತಮ್ಮ."

"ಹಂಗಾದ್ರೆ ಜ್ವರದಿಂದ ಎದ್ದಿರುತ್ತೆ. ಎದ್ದ ಹುಳು ಸೊಪ್ಪು ಕಾಯುತ್ತೆ, ಅದಕ್ಕೆ ಕೇಳಕ್ಕೆ ಬಾಯಿಲ್ಲ. ಎದ್ದ ಮೇಲೆ ನಾವೇನು ಮಾಡ್ತೀವಿ? ಈಗ ತಾನೆ ಒಳಗೆ ಏನು ಮಾಡ್ಬಂದೆ ನೀನು?"

ಗಂಗಾ ತಾಯಿಯನ್ನು ನೋಡಿದಳು. ಕೈಹಿಡಿ ಎತ್ತಿಕೊಂಡಳು. ಆದರೂ ಹೆಬ್ಬೆರಳು ಗುಂಡಿಯ ಮೇಲೆ ಕೂತು ಒತ್ತಲಾರದೆ ನಿಂತಿತು.

"ಹಾಕು ಮಗಳೇ" ಎಂದರು ಶಾಮಲಮ್ಮ. "ಪಾಪ, ಎಷ್ಟು ವರ್ಷದ ಹಸಿವೋ."

ಗಂಗಾ ಒತ್ತಿದಳು. ಹುಡುಗಿ ಬುಟ್ಟಿ ಇಳಿಸಿ, ಬಗ್ಗಿ, ಒಂದು ಹಿಡಿ ಸೊಪ್ಪನ್ನು ಹುಳುವಿನ ಮುಂದೆ ಇಟ್ಟಳು.

ಹುಳುವಿನ ತಲೆ ಇಳಿಯಿತು. ಸೊಪ್ಪು ಅಂಚಿನಿಂದ ಕರಗಿತು. ಹುಡುಗಿ ಇನ್ನೊಂದು ಹಿಡಿ ಇಟ್ಟಳು, ಮತ್ತೊಂದು. ಬುಟ್ಟಿ ಖಾಲಿಯಾದಾಗ ಹುಳು ಇಡೀ ಮೈಯನ್ನು ಅಲೆಯಂತೆ ಎತ್ತಿ ಇಳಿಸಿ, ಗುಹೆಯ ಆಚೆ ಬದಿಗೆ ಹರಿದು ಹೋಯಿತು. ಅಲ್ಲಿ ಬೆಳಕಿತ್ತು. ಬೆಳಕಿನಲ್ಲಿ ಒಂದು ಆಳವಾದ ಕಣಿವೆ. ಹುಳು ಕಣಿವೆಯ ಅಂಚಿಗೆ ಹೋಗಿ ಬಾಯಿಂದ ನೂಲು ತೆಗೆದು ಈ ದಡದಿಂದ ಆ ದಡಕ್ಕೆ ಎಳೆಯಿತು. ಆ ಎಳೆಯ ಮೇಲೆ ಹಳದಿ ಲಂಗ ಹೆಜ್ಜೆಯಿಟ್ಟಿತು.

ಗಂಗಾ ಅಳುತ್ತಿದ್ದಳೋ ನಗುತ್ತಿದ್ದಳೋ ತಿಳಿಯಲಿಲ್ಲ. ಕಣ್ಣು ಒರೆಸಿಕೊಳ್ಳಲು ಕೈಹಿಡಿ ಬಿಡುವಂತಿರಲಿಲ್ಲ, ಶಾಮಲಮ್ಮ ತಮ್ಮ ಸೆರಗಿನಲ್ಲಿ ಒರೆಸಿದರು. "ನಿಮ್ಮಪ್ಪ ಇದ್ದಿದ್ರೆ ಕೇಳೋರು, ದಾಟಿದಳೇನಮ್ಮ ಅಂತ" ಎಂದರು.

"ದಾಟಿದಳಪ್ಪ" ಎಂದಳು ಗಂಗಾ, ಪರದೆಯಿಂದ ಕಣ್ಣು ತೆಗೆಯದೆ.

ಆಚೆ ಏನಿತ್ತು? ಇನ್ನೊಂದು ಗುಡ್ಡ. ಅದರಾಚೆ ಒಂದು ಹೊಳೆ, ತೆಪ್ಪ, ದೂರದಲ್ಲಿ ಊರಿನಂಥದ್ದು. ಅವಳು ಆಟದ ಕೊನೆಯ ಬಾಗಿಲೆಂದು ತಿಳಿದದ್ದು ಮೊದಲನೆಯದಾಗಿತ್ತು. "ಅಯ್ಯೋ, ಇನ್ನೂ ಇಷ್ಟೈತಾ!" ಎಂದು ಅವಳು ಮಗುವಿನಂತೆ ಕೂಗಿದಳು. ಗೊತ್ತಿಲ್ಲದ ಹೊಳೆಯಲ್ಲಿ ತೆಪ್ಪ ಮಗುಚಿ ಹುಡುಗಿ ನೀರಿಗೆ ಬಿದ್ದಳು. ಮತ್ತೆ ಮೊದಲ ಗುಡ್ಡ, ಖಾಲಿ ಬುಟ್ಟಿ. ಗಂಗಾ ಸ್ವಲ್ಪವೂ ಬೇಸರಿಸದೆ ಕೈಹಿಡಿಯನ್ನು ಅನಿತಳ ಮಡಿಲಿಗೆ ಹಾಕಿದಳು. "ತಗೋಮ್ಮ, ನೀನಾಡು. ನಾನು ಕಾಫಿ ಇಟ್ಟು ಬರ್ತೀನಿ."

ಅನಿತ ಎರಡು ದಿನದಿಂದ ನೋಡುತ್ತಾ ಕೂತವಳು, ಚುರುಕಾಗಿ ಕಲಿತಿದ್ದಳು. ಕಾಫಿ ಬರುವಷ್ಟರಲ್ಲಿ ಅವಳ ಹುಡುಗಿ ಗುಹೆಯ ಬಾಗಿಲಲ್ಲಿದ್ದಳು. ಅನಿತ ಅತ್ತೆಯನ್ನು ನೋಡಿದಳು, ಗಂಡನನ್ನು ನೋಡಿದಳು. ಯಾರೂ ಏನಾದರೂ ಅನ್ನುವ ಮೊದಲೇ ಪಟಪಟ ಗುಂಡಿ ಒತ್ತಿ ಸೊಪ್ಪು ಹಾಕಿಬಿಟ್ಟಳು.

ಹುಳು ತಲೆ ಇಳಿಸಿತು, ತಿಂದಿತು, ಎದ್ದು ಹೊರಟಿತು.

ಗಂಗಾ ಕಾಫಿ ಲೋಟಗಳ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಶಂಕರನ ಬಾಯಿ ತೆರೆದೇ ಇತ್ತು. ಬಹಳ ಕಷ್ಟದಿಂದ, "ಅಕ್ಕಾ... ಹಂಗಾದ್ರೆ ಅವತ್ತೇ ಹಾಕಿದ್ರೆ ಅವತ್ತೇ..." ಎಂದು ಅರ್ಧಕ್ಕೆ ನಿಲ್ಲಿಸಿದ. ಅನಿತಳಿಗೇ ಭಯವಾಗಿ, ಕೈಹಿಡಿಯನ್ನು ನೆಲಕ್ಕಿಟ್ಟು, "ನಾನು ಸುಮ್ನೆ ನೋಡ್ದೆ ಅಕ್ಕ" ಎಂದಳು.

ಮಾತು ತೆಗೆದವರು ಶಾಮಲಮ್ಮ. "ಎದ್ದರೆ ಏನಾಯ್ತು? ಯಾರು ಬೇಕಾದ್ರೂ ಎಬ್ಬಿಸ್ಬಹುದು. ಜ್ವರದಲ್ಲಿ ತಿಂದ ಹುಳು ನೂಲು ಹೆಂಗೆ ತೆಗೆಯುತ್ತೆ ನೋಡು ಈಗ."

ಗಂಗಾ ತಟ್ಟೆಯನ್ನು ಇದ್ದಲ್ಲೇ ಕೆಳಗಿಟ್ಟು ಬಂದು ತಾಯಿಯ ಪಕ್ಕ ಕೂತಳು. ಕಣಿವೆಯ ಅಂಚಿನಲ್ಲಿ ಹುಳು ಬಾಯಿ ತೆರೆದು ನೂಲು ಎಳೆಯಿತು. ಇಬ್ಬರೂ ಪರದೆಗೆ ಮೂಗು ತಾಗುವಷ್ಟು ಬಗ್ಗಿ ಆ ಎಳೆಯನ್ನು, ಮಾರುಕಟ್ಟೆಯಲ್ಲಿ ಗೂಡನ್ನು ಕೈಯಲ್ಲಿ ಒತ್ತಿ ನೋಡುವವರಂತೆ, ಆ ತುದಿಯಿಂದ ಈ ತುದಿಯವರೆಗೆ ಪರೀಕ್ಷಿಸಿದರು.

"ತೆಳ್ಳಗೈತೆ" ಎಂದರು ಶಾಮಲಮ್ಮ.

"ಹೂಂನಮ್ಮ, ತೆಳ್ಳಗೇ ಐತೆ" ಎಂದಳು ಗಂಗಾ. "ನಂದು ಇನ್ನೂ ಗಟ್ಟಿ ಇತ್ತು."

"ಎರಡೂ ಒಂದೇ ಅಲ್ವೇನೇ!" ಎಂದು ಶಂಕರ ನಗಲು ಶುರುಮಾಡಿದ. ಅನಿತ ಸೆರಗು ಬಾಯಿಗೆ ಅಡ್ಡ ಹಿಡಿದರೂ ನಗು ತಡೆಯಲಾಗದೆ ಗಂಡನ ಭುಜಕ್ಕೆ ಮುಖ ಒತ್ತಿಕೊಂಡಳು. ಗಂಗಾಳೂ ನಕ್ಕಳು, ಆದರೆ ಮಾತು ಬದಲಾಯಿಸಲಿಲ್ಲ. "ನೀನು ದಾಟು ಅನಿತ, ಪರವಾಗಿಲ್ಲ, ಹುಷಾರಾಗಿ ದಾಟು. ಕಿತ್ತೋದೀತು" ಎಂದಳು.

ನನ್ನ ಕಣ್ಣಿಗೂ ಎರಡು ಎಳೆ ಒಂದೇ ತರಹ ಕಂಡವು. ಗಂಗಾ ನನ್ನ ಕಡೆ ತಿರುಗಿ, "ಅಲ್ವಾ ಭಾರತಕ್ಕ?" ಎಂದಾಗ ನಾನು ಕಾಫಿ ಕುಡಿಯುತ್ತಿದ್ದೆ. "ನೀನು ಹುಳು ಸಾಕಿದವಳು, ನಿನಗೆ ತಿಳಿಯುತ್ತೆ" ಎಂದೆ. ಒಳಗಿನಿಂದ ಶ್ರೀನಿವಾಸಪ್ಪ, ಹಾಕಿದ್ದನ್ನೆಲ್ಲ ಹುಳುಗಳು ತಿಂದುಬಿಟ್ಟಿವೆ, ಇನ್ನೊಂದು ಸಲ ಸೊಪ್ಪು ಹಾಕಬೇಕು ಎಂದು ಕೂಗಿದ. ಬರುತ್ತೇನೆ ಎಂದಳು ಗಂಗಾ. ಆದರೆ ಅನಿತಳ ಹುಡುಗಿ ಆ ತೆಳ್ಳನೆಯ ಎಳೆಯ ನಡುವಿನಲ್ಲಿದ್ದಳು. ಅವಳು ಆ ದಡ ಮುಟ್ಟುವವರೆಗೂ ಗಂಗಾ ಏಳಲಿಲ್ಲ.